ಕೌದಿಯೊಳಗಿನ ಓದು

ಅಂಗಳದಲ್ಲಿ ಚಪ್ಪಲಿಯ ಸಪ್ಪಳವಾದದ್ದೇ ತಡ, ಮಲ್ಲಿನಾಥ ಮಾಸ್ತರರು ಕಾದಂಬರಿಯನ್ನು ಕೌದಿಯೊಳಗೆ ಹೊಟ್ಟೆಯ ಮೇಲಿಟ್ಟುಕೊಂಡು ನರಳತೊಡಗಿದರು. ಹದಿನೈದು ದಿನಗಳ ಸಾಧನೆ. ನರಳಿಕೆಗೆ ಈಗ ಒಳ್ಳೆ ಲಯ ಬಂದಿತ್ತು.

ನಿಜವಾದ ಜ್ವರ ಇದ್ದದ್ದು ನಾಲ್ಕೇ ದಿನ. ಐದನೆಯ ಬೆಳಿಗ್ಗೆ ಮೈ ತಣ್ಣಗಾದಾಗ ಮಾಸ್ತರರಿಗೆ ದುಃಖವೇ ಆಯಿತು. ಮಹಾರಾಷ್ಟ್ರದ ಗಡಿಯೊಳಗಿನ ಉಟಗಿಯ ಕನ್ನಡ ಶಾಲೆಗೆ ಮನೆಮನೆ ಸರ್ವೆಯ ಕೆಲಸ ಬಂದಿತ್ತು: ಯಾರ ಮನೆಯಲ್ಲಿ ಎಷ್ಟು ಮಂದಿ, ಎಷ್ಟು ಕುರಿ, ಎಷ್ಟು ಪಾಯಖಾನೆ. ಇತ್ತ ವಿಜಯಪುರದಿಂದ ಹನ್ನೊಂದು ವರ್ಷ ಹೊತ್ತು ತಂದ ಪುಸ್ತಕಗಳು ಟ್ರಂಕಿನಲ್ಲಿ ಹಾಗೇ ಬಿದ್ದಿದ್ದವು. ಕುರಿಗಳು ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡು ಮಾಸ್ತರರು ರಜೆಯನ್ನು ಮೂರು ವಾರಕ್ಕೆ ಎಳೆದರು.

ಭಯ ಒಂದೇ. ಸುಳ್ಳು ರಜೆ ಹಾಕಿದವರನ್ನು ಜತ್ತದ ಶಿಕ್ಷಣಾಧಿಕಾರಿ, ಮರಾಠಿ ಬಿಟ್ಟು ಬೇರೆ ಬಾರದ ತುಕಾರಾಮ ಸಾಹೇಬರು ಸಂಜೆಯೊಳಗೆ ಬೇರೆ ಊರಿಗೆ ಎತ್ತಿ ಒಗೆಯುತ್ತಿದ್ದರು. ಏಳು ವರ್ಷ ಜೀಪಿಗೆ ಜೋತುಬಿದ್ದು ಪರವೂರಿಗೆ ಹೋಗಿಬಂದ ಮೇಲೆ ಮಾಸ್ತರರಿಗೆ ದಕ್ಕಿದ ಸ್ವಂತ ಊರಿನ ಜಾಗ ಇದು. ಗಂಟೆ ಬಾರಿಸಿದ ಮೇಲೆ ಮನೆ ಬಿಟ್ಟರೂ ಪ್ರಾರ್ಥನೆ ಸಿಗುತ್ತಿತ್ತು. ಅದೇ ಹೋದರೆ ಮತ್ತೇನು ಉಳಿಯಿತು!

ಅವರ ಓದಿನ ಹುಚ್ಚು ಸಾಹೇಬರಿಗೆ ಗೊತ್ತಿತ್ತು. ಮೀಟಿಂಗಿನಲ್ಲಿ ಒಮ್ಮೆ ತೊಡೆಯ ಮೇಲಿನ ಪುಸ್ತಕ ಕಸಿದುಕೊಂಡಿದ್ದರು. ಫೋನು ಮಾಡಿದರೆ ಅದನ್ನೇ ಕೇಳುತ್ತಾರೆಂದು ಮಾಸ್ತರರು ಹೆಂಡತಿ ನಂದಾಳಿಗೆ ತಕ್ಕ ಉತ್ತರವೊಂದನ್ನು ಮರಾಠಿಯಲ್ಲಿ ಬಾಯಿಪಾಠ ಮಾಡಿಸಿದರು. ನಂದಾ ಗಡಿಯಾಚೆ ಕರ್ನಾಟಕದ ಇಂಡಿ ಕಡೆಯವಳು; ಅವಳ ಮರಾಠಿ ಬಸ್ಸಿನ ಬೋರ್ಡು ಓದುವಷ್ಟು. "ಮತ್ತ ಯಾರ ಮುಂದೂ ಪುಸ್ತಕದ ಹೆಸರ ಎತ್ತಬ್ಯಾಡ" ಎಂದು ದಿನಕ್ಕೆರಡು ಸಲ ತಾಕೀತು ಬೇರೆ.

ಆರನೆಯ ದಿನ ಫೋನು ಬಂತು. ಮಾಸ್ತರರು ಒಳಕೋಣೆಯಲ್ಲಿ ನೂರ ಎಂಬತ್ತನೆಯ ಪುಟದಲ್ಲಿದ್ದರು, ಕಿವಿ ಇತ್ತ ಇರಲಿಲ್ಲ. "ಮಾಸ್ತರರು ಹೇಗಿದ್ದಾರೆ?" ಎಂದಷ್ಟೇ ಸಾಹೇಬರು ಕೇಳಿದರು. ಎಲ್ಲಿ ಮರೆತುಹೋಗುತ್ತದೋ ಎಂದು ನಂದಾ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಅತ್ತ ಮೂಗು ಸೀಟಿದ ಸದ್ದಾಯಿತು. ಆಮೇಲೆ ಸಾಹೇಬರು ಧೈರ್ಯ ಹೇಳಿ ಫೋನಿಟ್ಟರು.

ಅಲ್ಲಿಂದ ಶುರುವಾಯಿತು ಮಾಸ್ತರರ ಭಾಗ್ಯ. ಊರಿಗೆ ತಮ್ಮ ಮೇಲೆ ಇಷ್ಟು ಪ್ರೀತಿ ಇರುವುದು ಅವರಿಗೇ ಗೊತ್ತಿರಲಿಲ್ಲ. ಗಡಿಕಲ್ಲಿನ ಜಗಳವಾಡಿ ಐದು ವರ್ಷ ಮಾತು ಬಿಟ್ಟಿದ್ದ ಮುರಗೆಪ್ಪ ಕಾಕಾ ಬಂದು ಕಾಲದೆಸೆ ಕುಳಿತ.

"ತಪ್ಪ ಏನರ ಆಗಿದ್ರ ಹೊಟ್ಯಾಗ ಹಾಕ್ಕೋ ತಮ್ಮಾ" ಎಂದ. ಸ್ವಲ್ಪ ತಡೆದು, "ನಿಮ್ಮ ಹೊಲದಾಗ ಆ ಬೇವಿನ ಗಿಡದ ಬುಡಕ್ಕ ಮಣ್ಣ ಮೆತ್ತಗ ಐತೇನು?" ಎಂದೂ ಕೇಳಿದ.

ಕಾಕಾ ಮತ್ತೆ ಹೊಲದ ಮೇಲೆ ಕಣ್ಣು ಹಾಕಿದ್ದಾನೆ ಎಂದುಕೊಂಡರು ಮಾಸ್ತರರು. ನಾಯಿ ಬಾಲ ಡೊಂಕು.

ಇಂದು ಬಂದವಳು ಪಕ್ಕದ ಮನೆಯ ಸಂಗವ್ವ. ಕೈಯಲ್ಲಿ ಹೋಳಿಗೆಯ ತಾಟು, ಮೇಲೆ ಧಾರಾಳ ತುಪ್ಪ.

"ಪಥ್ಯ ಐತಿ ಅವ್ವಾ" ಎಂದರು ಮಾಸ್ತರರು, ಕೈಯನ್ನು ತಾಟಿನತ್ತ ಚಾಚುತ್ತಲೇ.

"ಪಥ್ಯ ಗಿಥ್ಯ ಇನ್ಯಾಕಪ್ಪಾ? ಮನಸಿಗೆ ಬಂದದ್ದ ತಿಂದಬಿಡು." ಪ್ರೀತಿಯಿಂದ ಹೊಟ್ಟೆ ಸವರಿದ ಅವಳ ಕೈಗೆ ಕೌದಿಯೊಳಗೆ ಆರುನೂರು ಪುಟ ಗಟ್ಟಿಯಾಗಿ ಹತ್ತಿತು. ಅವಳ ಮುಖ ಬಿಳಿಚಿಕೊಂಡಿತು. "ಇಷ್ಟ ದೊಡ್ಡದ ಆಗೈತಾ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ಪುಸ್ತಕದ ಗುರುತು ಸಿಗಲಿಲ್ಲವಲ್ಲ ಎಂಬ ಸಮಾಧಾನಕ್ಕೆ ಮಾಸ್ತರರು ನಾಲ್ಕು ಹೋಳಿಗೆ ತಿಂದರು.

ಅವಳು ಹೋದ ಬೆನ್ನಿಗೇ ಗುರುಸಿದ್ದ ಬಂದ. ತಿಕೋಂಡಿ ಶಾಲೆಯ ಮಾಸ್ತರ. ಉಟಗಿಯ ಈ ಜಾಗದ ಮೇಲೆ ಮೂರು ವರ್ಷದಿಂದ ಕಣ್ಣಿಟ್ಟವನು. ಸಾಹೇಬರೇ ಬೇಹಿಗೆ ಕಳಿಸಿದ್ದಾರೆ ಎಂದುಕೊಂಡರು ಮಾಸ್ತರರು. ಗಾಬರಿಯಲ್ಲಿ ಎದ್ದು ಕುಳಿತರು. ಕಾದಂಬರಿ ದೊಪ್ಪನೆ ನೆಲಕ್ಕೆ ಬಿತ್ತು.

ಮುಗಿಯಿತು ಕಥೆ ಎಂದು ಮಾಸ್ತರರು ಕಣ್ಣು ಮುಚ್ಚಿದರು. ಗುರುಸಿದ್ದ ಬಗ್ಗಿ, ಪುಸ್ತಕದ ಧೂಳೊರೆಸಿ, ಅವರ ಕೈಗೇ ಇಟ್ಟ. ಅವನ ಕಣ್ಣಲ್ಲಿ ನೀರು.

"ಓದ್ರಿ ಸರ. ಲಗೂನ ಓದಿ ಮುಗಿಸಿಬಿಡ್ರಿ." ಜೇಬಿನಿಂದ ಒಂದು ಹಾಳೆ ತೆಗೆದ. "ನಿಮಗ ತೋರಿಸಲಿಕ್ಕೆ ಮನಸಿಲ್ಲ. ಖರೇ ಅಂದ್ರ ನಾಳಿಂದ ಉಟಗಿ ಸಾಲಿಗಿ ನಾನ ಬರಬೇಕಂತ ಆರ್ಡರ್ ಆಗೈತ್ರಿ. ಕಾಯಂ."

"ನನ್ನ ಜಾಗಕ್ಕ? ಮತ್ತ ನಾ ಎಲ್ಲಿಗಿ ಹೋಗಬೇಕೋ?"

ಗುರುಸಿದ್ದ ಮೇಲೆ ನೋಡಿದ, ಕೆಳಗೆ ನೋಡಿದ, ಕಣ್ಣೊರೆಸಿಕೊಂಡ.

"ಯಾವ ಮಗ ಚಾಡಿ ಹೇಳ್ಯಾನ?" ಮಾಸ್ತರರು ಕೌದಿ ಒಗೆದು ನಿಂತೇಬಿಟ್ಟರು.

"ಚಾಡಿ ಅಲ್ರಿ ಸರ. ವೈನಿ ಅವರ ಫೋನಿನ್ಯಾಗ ಹೇಳ್ಯಾರ. ಸಾಹೇಬರು ಭಾಳ ಅತ್ರು. ಅತಗೋತನ ಸಹಿ ಮಾಡಿದ್ರು."

ಮಾಸ್ತರರು ಹೆಂಡತಿಯತ್ತ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ನಂದಾಳಿಗೆ ಅಳುವೇ ಬಂತು.

"ನೀವ ಕಲಿಸಿದ್ದನ ಹೇಳೀನ್ರಿ. ಪುಸ್ತಕದ ಹೆಸರ ಎತ್ತಬ್ಯಾಡ ಅಂದಿದ್ರಿ, ಅದಕ್ಕ ಪುಸ್ತಕ ಅನ್ನೂ ಶಬ್ದ ಒಂದ ಬಿಟ್ಟೆ. 'ಆತಾ ತೇ ಕಾಹೀ ವಾಚತ ನಾಹೀತ.' ಅವರು ಈಗ ಏನೂ ಓದೂದಿಲ್ಲ ಅಂತ. ತಪ್ಪೇನೈತಿ ಅದರಾಗ?"

ಮಾಸ್ತರರು ಹಾಸಿಗೆಯ ಮೇಲೆ ಕುಸಿದರು. ಈ ಸಲ ನರಳಿಕೆ ನಿಜವಾದದ್ದು. ಗುರುಸಿದ್ದನ ಅಳು ಮಾತ್ರ ತಟ್ಟನೆ ನಿಂತಿತು. ಅವನು ಆರ್ಡರನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಭದ್ರವಾಗಿ ಸೇರಿಸಿದ.

"ವೈನಿ, ಮರಾಠಿಯೊಳಗ ಓದೂದಕ್ಕೂ ವಾಚಣೆ ಅಂತಾರ, ಜೀವ ಉಳಿಯೂದಕ್ಕೂ ವಾಚಣೆ ಅಂತಾರ, ನೀವ ಸಾಹೇಬರಿಗೆ ಹೇಳಿದ್ದು, 'ಇನ್ನ ಇವರು ಉಳಿಯಂಗಿಲ್ಲ' ಅಂತ."