ಮೀಸೆ ಪಣಕ್ಕಿಟ್ಟ ಅಪ್ಪ

ಆರನೇ ತರಗತಿಯ ಲೆಕ್ಕದಲ್ಲಿ ಫೇಲಾಗಿ ಅಳುತ್ತ ಬಂದ ಮಗಳಿಗೆ ಪುಟ್ಟಸ್ವಾಮಿ ಅಂದೇ ಮಾತು ಕೊಟ್ಟಿದ್ದ: "ಅಳಬ್ಯಾಡ ಕಣವ್ವ. ನೀನು ಸ್ಕಾಲರ್‌ಶಿಪ್ ತಗೊಂಡು ಕಾಲೇಜು ಸೇರಿದ ದಿನ ಈ ಮೀಸೆ ಬೋಳಿಸ್ತೀನಿ." ಪ್ರಾಣದಂಥ ಆ ಗಿರಿಜಾಮೀಸೆಗೆ ಯಾವ ಅಪಾಯವೂ ಇಲ್ಲವೆಂಬ ಧೈರ್ಯ ಅವನದು.

ವರ್ಷಗಳು ಕಳೆದು ಇಂದು ಮಗಳು ಕುಣಿಯುತ್ತ ಬಂದಳು. "ಅಪ್ಪಾ, ಸ್ಕಾಲರ್‌ಶಿಪ್ ಬಂತು! ರೇಜರ್ ಎಲ್ಲಿ?"

ಪುಟ್ಟಸ್ವಾಮಿಯ ಕೈ ತಾನಾಗಿ ಮೀಸೆಗೆ ಹೋಯಿತು. "ಪೂರ್ತಿ ಫೀಸು ಕೊಡ್ತಾರೇನವ್ವ?"

"ಅರ್ಧ ಕೊಡ್ತಾರೆ. ಉಳಿದಿದ್ದಕ್ಕೆ ಬ್ಯಾಂಕಲ್ಲಿ ಸಾಲ ಕೇಳ್ಬೇಕು."

"ಹಂಗಾದ್ರೆ ಮೀಸೆ ಉಳೀತು ಬಿಡು!"

ಹೆಂಡತಿ ಅಡುಗೆಮನೆಯಿಂದಲೇ ಗದರಿದಳು. "ಮಗೀಗೆ ಕೊಟ್ಟ ಮಾತು ಕಣ್ರೀ. ತಪ್ಪಿದ್ರೆ ಊಟ ಇಲ್ಲ."

ಮರುದಿನ ಬ್ಯಾಂಕಿನಲ್ಲಿ ಸಾಲ ಕೇಳಲು ಮ್ಯಾನೇಜರ್ ಎದುರು ಕೂತ ಪುಟ್ಟಸ್ವಾಮಿ, ಎಡಗಡೆಯ ಮೀಸೆಯನ್ನಷ್ಟೇ ಬೋಳಿಸಿ ಮಾತು ಉಳಿಸಿಕೊಂಡಿದ್ದ.