ಗೆರೆ ಇಲ್ಲದ ಕೆನ್ನೆ

ಬೆರಳಿಗೆ ಒಂದು ಗೆರೆಯೂ ಸಿಗಲಿಲ್ಲ.

ದೊಡ್ಡತಾಯಮ್ಮ ಬಲಗೈಯನ್ನು ಬಾಗಿಲ ತೋಳಿಗೆ ಊರಿ, ಎಡಗೈಯನ್ನು ಮಗಳ ಮುಖಕ್ಕೆ ಚಾಚಿದ್ದಳು. ಹಣೆಯ ಅಂಚಿನಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಬೆರಳು ಇಳಿಯಿತು. ಎಣ್ಣೆ ಸವರಿದ ಹಲಗೆಯಂಥ ನುಣುಪು. ಎದುರಿಗೆ ಬಂದು ನಿಂತಿದ್ದವಳು ಅಷ್ಟರಲ್ಲೇ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಯಾರಮ್ಮಿ ಇವಳು?"

"ನಿನ್ನ ಮಗಳು ಕೆಂಪಮ್ಮ ಕಣಜ್ಜಿ, ಇನ್ಯಾರು?" ಎಂದಳು ಮೊಮ್ಮಗಳು ರಂಜಿತ. ಪಾಂಡವಪುರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ಹುಡುಗಿ; ಮಾತಿಗೆ ತಡವರಿಸುವವಳಲ್ಲ. ಇವತ್ತು ಮಾತ್ರ ಒಂದು ಗಳಿಗೆ ತಡೆದೇ ಮುಂದುವರಿಸಿದಳು. "ಅವ್ವನ ಮೊಕದ ಸುಕ್ಕು ತೆಗೆಸಿವ್ನಿ. ಶ್ರೀರಂಗಪಟ್ಟಣದಲ್ಲಿ ಒಬ್ರು ಚರ್ಮದ ಡಾಕ್ಟ್ರವ್ರೆ. ಸಣ್ಣ ಸೂಜೀಲಿ ಔಸ್ತಿ ಹಾಕ್ಬುಟ್ರೆ ಗೆರೆಯೆಲ್ಲ ಮಾಯ."

"ಅರವತ್ತಾದೋಳ್ಗೆ ಯಾಕಮ್ಮಿ? ಇನ್ನೊಂದು ಮದ್ವೆ ಮಾಡೀಯಾ?"

ರಂಜಿತ ನಕ್ಕಳು. ಬಂದವಳು ನಗಲಿಲ್ಲ.

ಕೆಂಪಮ್ಮನಾಗಿದ್ದರೆ ಅಕ್ಕಿಹೆಬ್ಬಾಳಿನ ಬೀದಿಗೆಲ್ಲ ಕೇಳುವ ಹಾಗೆ ನಗುತ್ತಿದ್ದಳು.

ದೊಡ್ಡತಾಯಮ್ಮನ ಕಣ್ಣು ಹೋಗಿ ವರ್ಷಗಳೇ ಆಗಿದ್ದವು. ಅಂದಿನಿಂದ ಮಗಳು ದೇವಲಾಪುರದಿಂದ ತವರಿಗೆ ಬಂದಾಗ ಅವಳು ಆ ಮುಖವನ್ನು ನೋಡುತ್ತಿದ್ದುದು ನೆಟಿಕೆ ತೆಗೆಯುವಾಗಲೇ. ಎರಡೂ ಅಂಗೈಯಿಂದ ಮಗಳ ಮುಖ ಸವರಿ, ಬೆರಳುಗಳನ್ನು ತನ್ನ ಕಣತಲೆಗೊತ್ತಿ ಲಟಲಟ ಮುರಿದರೆ ಬಿದ್ದ ದೃಷ್ಟಿಯೆಲ್ಲ ಕಳೆಯಿತೆಂದು ಲೆಕ್ಕ. ಯಾವ ಗೆರೆ ಯಾವಾಗ ಬಂತೆಂದು ಅವಳ ಬೆರಳಿಗೆ ಗೊತ್ತಿತ್ತು. ಹುಬ್ಬಿನ ಹತ್ತಿರದ್ದು ಬಿಸಿಲಲ್ಲಿ ಹುರುಳಿ ಕಿತ್ತು ಬಂದದ್ದು. ಬಾಯಿಯ ಅಕ್ಕಪಕ್ಕದವು ಕೆಂಪಮ್ಮನ ಗಂಡ ತೀರಿದ ವರ್ಷ ಇಳಿದವು. ಕಣ್ಣಿನ ಕೊನೆಯವು ನಕ್ಕು ನಕ್ಕು ಆದವು.

"ನಿನ್ನ ಮೊಕ ಉತ್ತ ಹೊಲ ಆಗೋಯ್ತಲ್ಲೇ" ಎಂದು ತಾಯಿ ಅಂದರೆ, "ನಿಂದೇನವ್ವ, ಮಟ್ಟ ಹೊಡೆದ ಗದ್ದೆಯಾ?" ಎಂದು ಮಗಳು ತಿರುಗಿಸುತ್ತಿದ್ದಳು.

ಈಗ ಬಂದವಳ ಬಾಯಲ್ಲಿ ಒಂದು ಸಲ 'ಅವ್ವ' ಎಂದೂ ಬರಲಿಲ್ಲ.

ಗೌರಿ ಹಬ್ಬಕ್ಕೂ ಕೆಂಪಮ್ಮ ಬಂದಿರಲಿಲ್ಲ. ಮದುವೆಯಾದಾಗಿನಿಂದ ಬಾಗಿನಕ್ಕೆ ತಪ್ಪಿಸಿದವಳಲ್ಲ. ಫೋನು ಮಾಡೋ ಎಂದರೆ ದೊಡ್ಡತಾಯಮ್ಮನ ಮಗ ನಾಗರಾಜು ಒಂದು ದಿನ ಸಿಗ್ನಲ್ಲಿಲ್ಲ ಅಂದ, ಒಂದು ದಿನ ಮಲಗವ್ಳೆ ಅಂದ. ಹಬ್ಬ ಕಳೆದು ಎಷ್ಟೋ ದಿನದ ಮೇಲೆ ಈಗ ಇವಳನ್ನು ಕರೆತಂದಿದ್ದಾರೆ.

"ಮದ್ವೇಲಿ ನಿನ್ನ ಜೊತೆ ಒಂದು ಹಸ ಕಳಿಸಿದ್ನಲ್ಲ, ಏನೇ ಅದರ ಹೆಸರು?"

"ಕೆಂದಿ ಅಲ್ವಾ ಅಜ್ಜಿ?"

"ನಿನ್ನ ಕೇಳ್ಲಿಲ್ಲ ಕಣಮ್ಮಿ."

ಸೆರಗು ಬಾಯಿಗೆ ಅಡ್ಡ ಬಂದ ಸದ್ದು. "ಕೆಂದಿ" ಎಂದಿತು ಒಂದು ಒದ್ದೆ ದನಿ, ಎಳೆದು ಎಳೆದು.

"ದನಿ ಯಾಕಂಗೈತೆ?"

"ಹಲ್ಲು ಕೀಳ್ಸವ್ರೆ, ನಾಗಮಂಗಲದಲ್ಲಿ" ಎಂದಳು ರಂಜಿತ.

ಮುಖಕ್ಕೊಬ್ಬ ಡಾಕ್ಟರು, ಬಾಯಿಗೊಬ್ಬ ಡಾಕ್ಟರು. ದೊಡ್ಡತಾಯಮ್ಮ ಕಿವಿಯನ್ನು ಅತ್ತಲೇ ಇಟ್ಟಳು. ಕಾಫಿ ಕೊಟ್ಟರೆ ಲೋಟದಲ್ಲಿ ಚಮಚ ಟಿಣ್ ಎಂದಿತು. ಚಮಚದಲ್ಲಿ ಕಾಫಿ ಕುಡಿಯುವವರನ್ನು ಅವಳು ಈವರೆಗೆ ಕೇಳಿರಲಿಲ್ಲ. ಊಟಕ್ಕೆ ಕೂತರೆ ಮುದ್ದೆ ಬೇಡ, ಗಂಜಿ ಸಾಕಂತೆ. ಮುದ್ದೆ ಮುರಿಯದ ಕೆಂಪಮ್ಮ!

ಕೈ ತೊಳೆಯಲು ಹಿತ್ತಿಲಿಗೆ ಹೊರಟ ಮುದುಕಿಗೆ ಅಡುಗೆಮನೆಯಿಂದ ಪಿಸುಮಾತು ಕೇಳಿಸಿತು.

"ಅವ್ವಂಗೆ ಗೊತ್ತಾಗ್ಬುಟ್ರೆ ಅನ್ನ ನೀರು ಬುಟ್ಬುಡ್ತದೆ ಕಣಮ್ಮಿ." ಅದು ನಾಗರಾಜು.

"ಮೊಕ ಮುಟ್ಟಕ್ಕೆ ಬುಡ್ಬ್ಯಾಡ ಮಾವ, ಅಷ್ಟೇಯ. ಸಂಜೆ ಬಸ್ಸಿಗೆ ಹೊಂಟೋಗ್ತೀವಿ."

ದೊಡ್ಡತಾಯಮ್ಮನ ಕಾಲು ಅಲ್ಲೇ ನಿಂತಿತು. ಎಲ್ಲ ತಿಳಿಯಿತು. ಕೆಂಪಮ್ಮ ಇಲ್ಲ. ಹೋಗಿಬಿಟ್ಟಿದ್ದಾಳೆ. ಮುದುಕಿ ತಾಳಲಾರಳೆಂದು ಯಾರನ್ನೋ ಅವಳ ಸೀರೆ ಉಡಿಸಿ ಕರೆತಂದಿದ್ದಾರೆ. ಹೆತ್ತವಳನ್ನು ಮಣ್ಣಿಗೂ ಕರೆಯಲಿಲ್ಲ.

ಅಳಲಿಲ್ಲ. ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ಅಡ್ಡ ಕೂತಳು. ಸಂಜೆಯವರೆಗೂ ಏಳಲಿಲ್ಲ.

"ಏಳಜ್ಜಿ, ಬಸ್ಸು ಹೋಯ್ತದೆ."

"ಹೋಗ್ಲಿ ಬುಡು. ನೆಟಿಕೆ ತೆಗೆಸ್ಕೊಳ್ದೆ ಯಾವ ಹೆಣ್ಮಗಳೂ ಈ ಮನೆಯಿಂದ ಹೋಗಿಲ್ಲ."

"ಸೂಜಿ ಹಾಕಿರೋ ಜಾಗ ಕಣಜ್ಜಿ, ಮುಟ್ಬಾರ್ದು ಅಂದವ್ರೆ ಡಾಕ್ಟ್ರು."

"ಯಾವ ಡಾಕ್ಟ್ರು? ಸುಳ್ಳು ಹೇಳೋಕೂ ಒಂದು ಮಿತಿ ಬ್ಯಾಡ್ವಾ?" ಮುದುಕಿಯ ಗಂಟಲು ಮೊದಲ ಸಲ ಏರಿತು. "ಲೋ ನಾಗರಾಜ, ನನ್ನ ಮಗಳ್ನ ಎಲ್ಲಿ ಮಣ್ಣು ಮಾಡಿದ್ರೋ? ಯಾರವ್ವ ನೀನು? ಯಾರ ಮನೆಯೋಳು? ನಿಂಗಾದ್ರೂ ಒಬ್ಬಳು ಅವ್ವ ಇಲ್ವಾ?"

ನಾಗರಾಜು "ಅವ್ವಾ..." ಎಂದ. ರಂಜಿತ ಯಾರನ್ನೋ ತಡೆಯಲು ಹೋದಂತೆ ಬಳೆ ಸದ್ದಾಯಿತು. ಆಮೇಲೆ ಸೀರೆ ಸರಪರ ಎಂದು ಹತ್ತಿರ ಬಂತು. ಬಂದವಳು ಎದುರಿಗೆ ಕುಕ್ಕರಿಸಿದಳು. ತಾನಾಗಿಯೇ ಮುದುಕಿಯ ಎರಡು ಕೈಗಳನ್ನೂ ಎತ್ತಿ ತನ್ನ ಮುಖಕ್ಕಿಟ್ಟುಕೊಂಡಳು.

ಬಲಗೆನ್ನೆ ಜೀವವಿಲ್ಲದ ಹಾಗೆ ನುಣ್ಣಗೇ ಇತ್ತು. ಎಡಗೆನ್ನೆಯ ಮೇಲೆ ಕೆಂಪಮ್ಮನ ಗೆರೆಗಳೆಲ್ಲ ಒಂದೂ ಬಿಡದೆ ಇದ್ದವು, ಲಕ್ವ ಹೊಡೆದ ಬಾಯಿ ಅವುಗಳ ಕಡೆಗೇ ಸೊಟ್ಟಗೆ ಎಳೆದುಕೊಂಡಿತ್ತು.