ಅರವತ್ತೊಂದನೆಯವನ ಪ್ರಶ್ನೆಗಳು

ಪರದೆಯ ಮೂಲೆಯಲ್ಲಿ ಆ ಪುಟ್ಟ ಹಳದಿ ಕೈ ಮತ್ತೆ ಮೇಲೆದ್ದಿತು. ರೋಲ್ ನಂಬರ್ ಅರವತ್ತೊಂದು. ಮೇಷ್ಟರು ಹಲ್ಲು ಕಡಿದರು.

ಕಾನೂನು ಕಾಲೇಜಿನ ಎರಡನೇ ಮಹಡಿಯ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತಿ, ನಡುವೆ ಮೇಜು, ಲ್ಯಾಪ್‌ಟಾಪು, ಮೈಕು ಇಟ್ಟು, ಇನ್ನು ಮೇಲೆ ಇದೇ ನಿಮ್ಮ ತರಗತಿ ಎಂದಿತ್ತು ಆಡಳಿತ ಮಂಡಳಿ. ಇಪ್ಪತ್ತಾರು ವರ್ಷ ಎದುರಿಗೆ ಕೂತವರ ಕಣ್ಣು ನೋಡಿ ಸಾಕ್ಷ್ಯ ಕಾನೂನು ಕಲಿಸಿದವರು ಈಗ ಕಪ್ಪು ಚೌಕಗಳ ಮುಂದೆ ಗಂಟಲು ಹರಿದುಕೊಳ್ಳಬೇಕಿತ್ತು. ಚೌಕದ ಹಿಂದೆ ಯಾರು ಮಲಗಿದ್ದಾರೆ, ಯಾರು ಹಲ್ಲುಜ್ಜುತ್ತಿದ್ದಾರೆ, ದೇವರಿಗೇ ಗೊತ್ತು. ಅರವತ್ತು ಜನ ತುಟಿ ಬಿಚ್ಚುತ್ತಿರಲಿಲ್ಲ. ಅರ್ಧ ವರ್ಷ ಕಳೆದ ಮೇಲೆ ಬಂದು ಸೇರಿದ ಇವನೊಬ್ಬ ಮಾತ್ರ ಜೀವ ಹಿಂಡುತ್ತಿದ್ದ.

ಅವನೂ ಮುಖ ತೋರಿಸಲಿಲ್ಲ, ದನಿ ಕೇಳಿಸಲಿಲ್ಲ. ಎಲ್ಲವನ್ನೂ ಬರೆದೇ ಕೇಳುತ್ತಿದ್ದ. ಸಾಯುತ್ತಿರುವವಳು ಮಾತಾಡಲಾಗದೆ ಬರೀ ತಲೆಯಾಡಿಸಿದರೆ ಅದು ಹೇಳಿಕೆಯೇ? ಮೇಷ್ಟರು ಉತ್ತರಿಸಿದರು. ಅದನ್ನೇ ಇನ್ನೊಂದು ಉದಾಹರಣೆ ಕೊಟ್ಟು ಹೇಳಿ, ಸರ್. ಹೇಳಿದರು. ಪಿಯುಸಿ ಮುಗಿಸಿ ಬಂದವರಿಗೆ ಅರ್ಥವಾಗುವ ಹಾಗೆ ಹೇಳಿ, ಸರ್. ಮೇಷ್ಟರಿಗೆ ಮೈಯೆಲ್ಲ ಉರಿಯಿತು. ಇವನೇನು ತಮಗೇ ಪಾಟೀಸವಾಲು ಹಾಕಲು ಬಂದಿದ್ದಾನೆಯೇ?

ತರಗತಿ ಮುಗಿದದ್ದೇ ದಡದಡನೆ ಮೆಟ್ಟಿಲಿಳಿದು ಕಚೇರಿಗೆ ಹೋದರು. ಯಾರವನು, ಎಲ್ಲಿಯವನು, ಅರ್ಜಿ ತೆಗೆಯಿರಿ ಎಂದರು. ಗುಮಾಸ್ತೆ ಕನ್ನಡಕದ ಮೇಲಿನಿಂದ ನೋಡಿದಳು.

"ಅದು ಆಡಳಿತ ಮಂಡಳಿ ಕಡೆಯ ಅಡ್ಮಿಷನ್ ಸರ್. ನಮ್ಮ ಹತ್ರ ಫೈಲೇ ಬಂದಿಲ್ಲ. ನೀವೂ ಕೆದಕಬೇಡಿ."

ಮೇಷ್ಟರಿಗೆ ಅಷ್ಟು ಸಾಕಾಯಿತು. ಬೇಹುಗಾರ! ಈ ಸಲ ವಿದ್ಯಾರ್ಥಿಗಳ ತೃಪ್ತಿ ನೋಡಿಕೊಂಡೇ ಮೇಷ್ಟರುಗಳನ್ನು ಮುಂದುವರಿಸುವುದು ಎಂದು ಪ್ರಾಂಶುಪಾಲರು ವರ್ಷದ ಮೊದಲ ಸಭೆಯಲ್ಲೇ ಹೇಳಿದ್ದರು. ಕೆಲಸ ಹೋದರೆ ಐವತ್ತೆಂಟನೇ ವಯಸ್ಸಿನಲ್ಲಿ ಇನ್ನೊಂದು ಕಾಲೇಜು ಕರೆದು ಕೂರಿಸುವುದಿಲ್ಲ. ಕೋರ್ಟಿನ ಕರಿ ಕೋಟು ಬಿಟ್ಟು ಬಂದು ಎಷ್ಟೋ ಕಾಲವಾಗಿತ್ತು. ಅವರಿಗೆ ಬರುತ್ತಿದ್ದದ್ದು ಇದೊಂದೇ.

ಹೋದ ವರ್ಷ ಕೆಲಸ ಕಳೆದುಕೊಂಡಿದ್ದ ಕರಾರು ಕಾನೂನಿನ ಮೇಡಂಗೆ ಫೋನ್ ಮಾಡಿದರು. ಅರವತ್ತೊಂದರ ಕಾಟವನ್ನೆಲ್ಲ ಹೇಳಿದರು.

"ನನ್ನ ಕ್ಲಾಸಿಗೂ ಒಬ್ಬ ಹೀಗೇ ನಡುವೆ ಬಂದು ಸೇರಿದ್ದ ಸರ್. ಸಿಕ್ಕಾಪಟ್ಟೆ ತಲೆ ತಿಂದ. ರೇಗಿ ರೇಗಿ ಎಷ್ಟೋ ಪ್ರಶ್ನೆಗೆ ಉತ್ತರಾನೇ ಕೊಡಲಿಲ್ಲ ನಾನು."

ಅದಕ್ಕೇ ಕೆಲಸ ಹೋಯಿತು ಎಂದುಕೊಂಡರು ಮೇಷ್ಟರು. ತಾನು ಆ ತಪ್ಪು ಮಾಡುವುದಿಲ್ಲ. ಕೇಳಲಿ ಮಗ, ಎಷ್ಟು ಬೇಕಾದರೂ ಕೇಳಲಿ. ಉತ್ತರ ಸಿಗಲಿಲ್ಲ ಎಂದು ಬರೆಯಲು ಒಂದೇ ಒಂದು ಸಂದರ್ಭ ಕೊಟ್ಟರೆ ಆಗ ಹೇಳಿ.

ಅಲ್ಲಿಂದ ಮುಂದೆ ನಡೆದದ್ದು ಪಾಠವಲ್ಲ, ಯುದ್ಧ. ಅವನು ಒಂದು ಕೇಳಿದರೆ ಇವರು ಮೂರು ಹೇಳಿದರು. ಸಿಟ್ಟಿನ ಭರದಲ್ಲಿ ಪುಸ್ತಕ ಮುಗಿದು ಅನುಭವ ಹೊರಬಂತು. ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆಂದು ತಿಳಿಯುವುದು ಹೇಗೆ ಎಂದು ಅವನು ಕೇಳಿದ ದಿನ, ಯಾವ ಟಿಪ್ಪಣಿಯಲ್ಲೂ ಬರೆಯದೆ ಇಟ್ಟುಕೊಂಡಿದ್ದನ್ನೂ ಕೊಟ್ಟುಬಿಟ್ಟರು. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಐದು ಎಣಿಸಬೇಕು. ನಿಜ ಹೇಳಿದವನು ಸುಮ್ಮನೆ ನಿಂತಿರುತ್ತಾನೆ, ಸುಳ್ಳು ಹೇಳಿದವನು ಮೌನ ತಡೆಯಲಾರದೆ ತಾನಾಗಿ ಇನ್ನೊಂದು ಮಾತು ಸೇರಿಸುತ್ತಾನೆ. ಇದನ್ನು ಕಲಿಯಲು ಅವರು ಹಿರಿಯ ವಕೀಲರೊಬ್ಬರ ಚೀಲ ಹೊತ್ತು ಆರು ವರ್ಷ ತಿರುಗಿದ್ದರು.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವನದೇ ಮಾತು. ನಡುವೆ ಬಂದು ಸೇರಿದರೂ ಒಂದು ತರಗತಿ ತಪ್ಪಿಸಿಲ್ಲ, ನೆಗಡಿ ಜ್ವರ ಎಂದು ರಜೆ ಕೇಳಿಲ್ಲ, ಒಂದು ದಿನ ಹೇಳಿದ್ದನ್ನು ಮಾರನೇ ದಿನ ಮರೆತಿಲ್ಲ ಎಂದು ಬೈದರು. ಹೆಂಡತಿ ಸಾರು ಬಡಿಸುತ್ತ ನಕ್ಕಳು.

"ಬೈತಾ ಇದೀರೋ ಹೊಗಳ್ತಾ ಇದೀರೋ? ಇಷ್ಟು ಗಮನ ಇಟ್ಟು ನಾನೂ ನಿಮ್ಮ ಮಾತು ಕೇಳಿಲ್ಲ."

ಕೊನೆಯ ತರಗತಿಯ ದಿನ ಹಳದಿ ಕೈ ಏಳಲಿಲ್ಲ. ಮೇಷ್ಟರೇ ಕೆಣಕಿದರು. ಏನಪ್ಪಾ ಅರವತ್ತೊಂದು, ಸರಕು ಖಾಲಿಯಾಯಿತೇ ಎಂದರು. ಉತ್ತರ ತಕ್ಷಣ ಬಂತು. ನನ್ನ ಪ್ರಶ್ನೆಗಳೆಲ್ಲ ಮುಗಿದವು, ಸರ್. ಧನ್ಯವಾದ.

ಗೆದ್ದೆ ಎನ್ನಿಸಿತು ಮೇಷ್ಟರಿಗೆ. ಆದರೆ ಇಷ್ಟು ದಿನ ನುಂಗಿಕೊಂಡ ಸಿಟ್ಟು ಇಳಿಯಬೇಕಲ್ಲ. ನೇರ ಪ್ರಾಂಶುಪಾಲರ ಕೋಣೆಗೆ ನುಗ್ಗಿದರು. ಕಳ್ಳನ ಹಾಗೆ ಚೌಕದ ಹಿಂದೆ ಒಬ್ಬನನ್ನು ಕೂರಿಸಿ ನನ್ನನ್ನು ಅಳೆಯುತ್ತೀರಾ, ನಾಚಿಕೆಯಾಗಬೇಕು ನಿಮಗೆ ಎಂದು ಬಾಗಿಲಲ್ಲೇ ಗದರಿದರು. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಪ್ರಾಂಶುಪಾಲರು ಎದ್ದು ನಿಂತು ಕುರ್ಚಿ ತೋರಿಸಿದರು. ಮೇಷ್ಟರು ಕೂರಲಿಲ್ಲ.

"ಕರೀರಿ ಅವನನ್ನ. ನನ್ನ ಪಾಠದಲ್ಲಿ ಏನು ಕೊರತೆ ಕಂಡ ಅಂತ ನನ್ನ ಎದುರಿಗೇ ಹೇಳಲಿ."

"ಯಾವ ಕೊರತೇನೂ ಇಲ್ಲ ಸರ್. ನಿಮ್ಮಷ್ಟು ಪೂರ್ತಿಯಾಗಿ ಯಾರೂ ಕೊಟ್ಟಿಲ್ಲ ಅಂತ ವರದಿ ಬಂದಿದೆ. ಕರಾರು ಕಾನೂನಿನದು ಅರ್ಧಂಬರ್ಧ ಆಗಿ, ಇನ್ನೊಬ್ಬರನ್ನ ಹುಡುಕಬೇಕಾಯ್ತು."

ಮೇಷ್ಟರ ಎದೆಯುಬ್ಬಿತು. ದನಿ ಸ್ವಲ್ಪ ಇಳಿಯಿತು. ಹಾಗಾದರೆ ಮುಂದಿನ ವರ್ಷದ ಸಾಕ್ಷ್ಯ ಕಾನೂನು ಯಾರದು, ಅದನ್ನಾದರೂ ಬಾಯಿಬಿಟ್ಟು ಹೇಳಿ ಎಂದರು.

ಪ್ರಾಂಶುಪಾಲರು ಮೇಷ್ಟರ ಮುಖ ನೋಡಲಾರದೆ, ಮೇಜಿನ ಮೇಲಿದ್ದ ಮಾನಿಟರನ್ನು ಮೆಲ್ಲಗೆ ಅವರ ಕಡೆ ತಿರುಗಿಸಿದರು. ಹೊಸ ವೇಳಾಪಟ್ಟಿ ತೆರೆದಿತ್ತು.

"ಸಾಕ್ಷ್ಯ ಕಾನೂನು, ಎಲ್ಲ ತರಗತಿಗಳು. ಬೋಧನೆ: ಸಾಫ್ಟ್‌ವೇರ್. ಕಲಿಕೆಯ ಅವಧಿಯಲ್ಲಿ ಅದಕ್ಕೆ ಕೊಟ್ಟಿದ್ದ ರೋಲ್ ನಂಬರ್: ಅರವತ್ತೊಂದು."